ಕಲ್ಲಿನ ಶಾಂತಲೆ, ಕಾದಂಬರಿಯ ಶಾಂತಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಐತಿಹಾಸಿಕ ಕಾದಂಬರಿಗಳ ಬಗ್ಗೆ ಇದ್ದವು. ಉತ್ತರಿಸಬಹುದಾದವನ್ನು ಆಯ್ದುಕೊಂಡಿದ್ದೇವೆ. ಮೊದಲ ಪತ್ರಕ್ಕೆ ಜಾಗ ಹೆಚ್ಚು ಹಿಡಿಯಿತು. ಅದು ಹಿಡಿಯಬೇಕಾದದ್ದೇ.

ಪ್ರಶ್ನೆ: ನಮ್ಮಮ್ಮ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಓದಿ ನನಗೆ ಈ ಹೆಸರಿಟ್ಟರು. ಅಮ್ಮ ಈಗಿಲ್ಲ, ಅವರ ಪುಸ್ತಕ ನನ್ನ ಹತ್ತಿರ ಇದೆ. ಮೊನ್ನೆ ಮನೆಯವರೆಲ್ಲ ಶಿವಗಂಗೆ ಹತ್ತಿದ್ದೆವು. ಮೇಲೆ ‘ಶಾಂತಲಾ ಡ್ರಾಪ್’ ಹತ್ತಿರ ನಿಂತಾಗ ಚಿಕ್ಕಪ್ಪನ ಮಗ, “ರಾಣಿ ಇಲ್ಲಿಂದ ಹಾರಿದ್ದು ಅನ್ನೋದೆಲ್ಲ ಕಟ್ಟುಕತೆ ಅಕ್ಕ, ಶಾಸನದಲ್ಲಿ ಎಲ್ಲಿದೆ ತೋರಿಸು” ಅಂದ. ಆವತ್ತಿನಿಂದ ಪುಸ್ತಕ ತೆರೆಯೋಕೆ ಮನಸ್ಸೇ ಬರ್ತಿಲ್ಲ. ಯಾವುದು ನಿಜ, ಯಾವುದು ಅಯ್ಯರ್ ಅವರ ಕಲ್ಪನೆ? (ಓದುಗರೊಬ್ಬರು, ತುಮಕೂರು)

ಉತ್ತರ: ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಹಾರಿದಳು ಎಂದು ಶಾಸನದಲ್ಲಿಲ್ಲ. ಆದರೆ ಹೊಯ್ಸಳ ರಾಜ ವಿಷ್ಣುವರ್ಧನನ ರಾಣಿ ಶಾಂತಲೆ ತೀರಿಕೊಂಡದ್ದು ಶಿವಗಂಗೆಯಲ್ಲೇ ಎಂಬುದು ಶಾಸನದಲ್ಲಿ ಸ್ಪಷ್ಟವಾಗಿದೆ. ಆ ಶಾಸನ ಶಿವಗಂಗೆಯಲ್ಲಿಲ್ಲ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಸವತಿಗಂಧವಾರಣ ಬಸದಿಯ ಹತ್ತಿರ ಇದೆ. ಆ ಬಸದಿಯನ್ನು 1123ರಲ್ಲಿ ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠೆ ಮಾಡಿಸಿದವಳು ಶಾಂತಲೆಯೇ. ಶಾಸನ ಕೊಡುವ ಕಾಲ ಶಕ ವರ್ಷ 1053, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ. ಚೈತ್ರ ಮಾಸದ ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ: 1131. ಶಿವಗಂಗೆಯ ತೀರ್ಥದಲ್ಲಿ ರಾಣಿ ಸ್ವರ್ಗಸ್ಥಳಾದಳು ಎಂದು ಅದು ಹೇಳುತ್ತದೆ. ಹೇಗೆ ಎಂಬುದಕ್ಕೆ ಅಲ್ಲಿ ಒಂದಕ್ಷರವೂ ಇಲ್ಲ.

ಇದೇ ಶಾಸನದ ಮುಂದಿನ ಭಾಗವನ್ನು ಶಿವಗಂಗೆಯ ಕತೆ ಹೇಳುವವರು ಬಿಟ್ಟೇಬಿಡುತ್ತಾರೆ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳು, ಅರೆಗಣ್ಣು ಮುಚ್ಚಿ ಪಂಚನಮಸ್ಕಾರ ಹೇಳುತ್ತ ಒಂದು ತಿಂಗಳ ಉಪವಾಸದಿಂದ ದೇಹ ಬಿಟ್ಟಳು ಎಂದು ಅಲ್ಲಿ ಬರೆದಿದೆ. ತಾಯಿಯ ಸಾವನ್ನು ಇಷ್ಟು ವಿವರವಾಗಿ ಹೇಳುವ ಶಾಸನ ಮಗಳದ್ದನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಜನಪದ ಕತೆಗೂ ಕಾದಂಬರಿಕಾರನಿಗೂ ದಾರಿ ಬಿಟ್ಟದ್ದು ಈ ಮೌನ. ಮೌನವನ್ನು ಯಾರು ಏನಾದರೂ ತುಂಬಬಹುದು, ಆದರೆ ತುಂಬಿದ್ದನ್ನು ಶಾಸನದ ಮಾತು ಎಂದು ಹೇಳುವಂತಿಲ್ಲ. ಬೆಟ್ಟದ ಮೇಲಿನ ಬೋರ್ಡು, ಗೈಡುಗಳ ಮಾತು, ವಾಟ್ಸಾಪಿನ ಬರಹಗಳು ಜಾರುವುದು ಇಲ್ಲೇ. ಕತೆಯ ಮಾತನ್ನು ಅವು ಪುರಾವೆಯ ಧಾಟಿಯಲ್ಲಿ ಹೇಳುತ್ತವೆ. ಹಾಗೆ ನೋಡಿದರೆ ನಿಮ್ಮ ತಮ್ಮನ ಜಗಳ ಇರಬೇಕಾದದ್ದು ಬೋರ್ಡಿನ ಜೊತೆ, ಅಯ್ಯರ್ ಅವರ ಜೊತೆಗಲ್ಲ.

ಇನ್ನು ಕಾದಂಬರಿಯಲ್ಲಿ ಗಟ್ಟಿ ನೆಲ ಎಲ್ಲೆಲ್ಲಿದೆ ನೋಡೋಣ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಇದು ಶಾಸನಸಿದ್ಧ. ಗುರು ಪ್ರಭಾಚಂದ್ರ ಸಿದ್ಧಾಂತದೇವ, ಇದೂ ಶಾಸನಸಿದ್ಧ. ನೃತ್ಯ, ಗೀತಗಳಲ್ಲಿ ಅವಳ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ ಆಯಿತು, ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ಗಂಡ ವೈಷ್ಣವನಾದ ಎಂಬ ಕತೆ ಏನೇ ಇರಲಿ, ಅದಾದ ಎಷ್ಟೋ ವರ್ಷಕ್ಕೆ, 1123ರಲ್ಲಿ, ಅವಳು ಜೈನ ಬಸದಿ ಕಟ್ಟಿಸಿದ್ದಾಳೆ. ಜೈನೆಯಾಗಿದ್ದುಕೊಂಡೇ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದವಳು ಅವಳು. ಕಾದಂಬರಿಯ ಶಾಂತಲೆಯ ಹದವಾದ ಮನಸ್ಸು ಗಾಳಿಯಲ್ಲಿ ಹುಟ್ಟಿದ್ದಲ್ಲ.

ಎಲ್ಲಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಾದಂಬರಿಯ ಜೀವ ಇರುವುದು ಶಾಂತಲಾ ಮತ್ತು ಅವಳ ಸವತಿ ಲಕ್ಷ್ಮಿಯರ ಗೆಳೆತನದಲ್ಲಿ. ಬೆಳಗೊಳದ ಕಲ್ಲು ಶಾಂತಲೆಗೆ ಕೊಟ್ಟ ಬಿರುದುಗಳಲ್ಲಿ ಒಂದು, ಸೊಕ್ಕಿದ ಸವತಿಯರಿಗೆ ಅವಳು ಮದ್ದಾನೆ ಎನ್ನುತ್ತದೆ. ಬಸದಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಬಿರುದುಗಳು ಬಹುಮಟ್ಟಿಗೆ ಕವಿಸಮಯದ ಹೊಗಳಿಕೆಗಳು, ಅವುಗಳಿಂದ ಸ್ವಭಾವ ಅಳೆಯಲು ಆಗದು. ಆದರೂ ಆ ಬಿರುದಿನ ರಾಣಿಯನ್ನು ಸವತಿಯ ಪ್ರಾಣಗೆಳತಿ ಮಾಡಿದ್ದು ಕಾದಂಬರಿಕಾರನ ಆಯ್ಕೆ, ಅದೂ ದೊಡ್ಡ ಆಯ್ಕೆ. ಇನ್ನೊಂದು: ವಂಶಕ್ಕೆ ಮಗು ಬರಲೆಂದು ಶಾಂತಲೆ ಜಾಗ ಬಿಟ್ಟುಕೊಟ್ಟಳು ಎಂಬ ಮಾತು ಬಾಯಿಂದ ಬಾಯಿಗೆ ಓಡಾಡುತ್ತದೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯ 1133ರ ಶಾಸನದ ಪ್ರಕಾರ, ಆ ಬಸದಿಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಕೈಗೆ ಬಂದಾಗ ಯುದ್ಧದಲ್ಲಿ ಗೆಲುವೂ ಆಗಿತ್ತು, ಲಕ್ಷ್ಮೀದೇವಿಗೆ ಗಂಡುಮಗುವೂ ಹುಟ್ಟಿತ್ತು. ದೇವರಿಗೆ ವಿಜಯಪಾರ್ಶ್ವ, ಮಗುವಿಗೆ ವಿಜಯನರಸಿಂಹ ಎಂದು ಹೆಸರಿಟ್ಟ. ಅಂದರೆ ಶಾಂತಲೆ ತೀರಿಕೊಂಡು ಎರಡು ವರ್ಷದ ಮಾತು. ಹುಟ್ಟಿದ ಅಥವಾ ಹುಟ್ಟಲಿದ್ದ ಮಗುವಿನ ದಾರಿ ಬಿಡಲು ಪ್ರಾಣ ಬಿಟ್ಟಳು ಎನ್ನುವವರಿಗೆ ಈ ಲೆಕ್ಕ ಅಡ್ಡ ಬರುತ್ತದೆ.

ಇನ್ನು ನಿಮ್ಮ ಹೆಸರಿನ ಮಾತು. ನಿಮ್ಮ ತಾಯಿ ಹೆಸರಿಟ್ಟದ್ದು ಬೆಳಗೊಳದ ಕಲ್ಲು ಓದಿ ಅಲ್ಲ, ಅಯ್ಯರ್ ಅವರ ಪುಸ್ತಕ ಓದಿ. ಆ ಪುಸ್ತಕದ ಯಾವುದೋ ಗುಣ ಮಗಳಿಗಿರಲಿ ಎಂದು ಅವರಿಗೆ ಅನ್ನಿಸಿರಬೇಕು. ಅದು ಯಾವ ಪುಟದಲ್ಲಿದೆ ಎಂದು ಹುಡುಕುವುದು ಶಿವಗಂಗೆಯ ಬಂಡೆಯ ತಗಾದೆಗಿಂತ ನಿಮಗೆ ಹತ್ತಿರದ ಕೆಲಸ. ಪುಸ್ತಕವನ್ನು ಹಾಳೆಹಾಳೆಯಾಗಿ ನೋಡಿ. ಮಡಿಸಿದ ಮೂಲೆ, ಉಗುರಿನ ಗೀರು, ಅಂಚಿನ ಪೆನ್ಸಿಲ್ ಗುರುತು, ಪದೇಪದೇ ತೆರೆದು ಸಡಿಲಾದ ಜಾಗ. ಪುಸ್ತಕದ ಬೆನ್ನನ್ನು ಮೇಜಿಗೆ ತಾಗಿಸಿ ನಿಲ್ಲಿಸಿ, ಎರಡು ರಟ್ಟುಗಳನ್ನು ಮೆಲ್ಲನೆ ಬಿಡಿ. ಹೆಚ್ಚು ಓದಿದ ಕಡೆ ತಾನಾಗಿ ತೆರೆದುಕೊಳ್ಳುತ್ತದೆ. ಹಾಳೆ ಗಟ್ಟಿಯಿದ್ದರೆ ಮಾತ್ರ ಇದನ್ನು ಮಾಡಿ, ಪುಡಿಯಾಗುತ್ತಿದ್ದರೆ ಬೇಡ.

ಮತ್ತೆ ಓದುವಾಗ ನೋಟುಬುಕ್ಕಿನ ಪುಟದಲ್ಲಿ ಮೂರು ಕಲಂ ಎಳೆದುಕೊಳ್ಳಿ. ಮೊದಲನೆಯದರಲ್ಲಿ ಕಾದಂಬರಿಯ ಘಟನೆ ಮತ್ತು ಪುಟಸಂಖ್ಯೆ, ಎರಡನೆಯದರಲ್ಲಿ ಅದಕ್ಕೆ ಶಾಸನದ ಬೆಂಬಲ ಇದೆಯೋ ಇಲ್ಲವೋ, ಮೂರನೆಯದರಲ್ಲಿ ನಿಮಗೆ ಅನ್ನಿಸಿದ್ದು. ಮೂರನೆಯದನ್ನು ಎರಡನೆಯದರ ಜೊತೆ ಬೆರೆಸಬೇಡಿ, ಸಾಕು. ಶಾಸನಗಳಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ನೋಡಿ. ಶ್ರವಣಬೆಳಗೊಳ 2ನೇ ಸಂಪುಟ. ಜಿಲ್ಲಾ ಕೇಂದ್ರ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಕೇಳಿ. ಕನ್ನಡ ಪಾಠದ ಜೊತೆ ಸಾರಾಂಶವೂ ಇರುವುದರಿಂದ ಹಳಗನ್ನಡ ಬಾರದಿದ್ದರೂ ದಾರಿ ಸಿಗುತ್ತದೆ.

ಪ್ರಶ್ನೆ: ಶಾಂತಲೆಯ ಮೇಲೆ ಎರಡು ಕಾದಂಬರಿಗಳಿವೆಯಲ್ಲ, ಮೊದಲು ಯಾವುದನ್ನು ಓದಬೇಕು? (ತಿಪಟೂರು)

ಉತ್ತರ: ಕೆ.ವಿ. ಅಯ್ಯರ್ ಅವರದ್ದು. ಒಂದೇ ಸಂಪುಟ, ಭಾವದ ಓಟ ಜೋರು, ನಾಟಕದ ಮನುಷ್ಯ ಬರೆದದ್ದು ಎಂದು ಮಾತುಕತೆಗಳಲ್ಲೇ ಗೊತ್ತಾಗುತ್ತದೆ. ಕೋಲಾರ ಸೀಮೆಯ ಈ ಲೇಖಕರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾದವರು, ಕೈಲಾಸಂ ಅವರ ಒಡನಾಡಿ. ಸಿ.ಕೆ. ನಾಗರಾಜರಾಯರ ‘ಪಟ್ಟಮಹಿಷಿ ಶಾಂತಲದೇವಿ’ಗೆ 1983ರ ಮೂರ್ತಿದೇವಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಶುರುವಾದದ್ದೇ ಅದರಿಂದ. ಅದು ಬಹಳ ದೊಡ್ಡದು, ನಿಧಾನದ ಓದು. ಶಾಸನಗಳನ್ನು ಅರೆದು ಕುಡಿದು ಬರೆದ ಕೃತಿ. ಅದನ್ನೇ ಮೊದಲು ಹಿಡಿದವರಲ್ಲಿ ಹಲವರು ಮೊದಲ ಭಾಗದಲ್ಲೇ ನಿಲ್ಲಿಸುವುದು ಗಾತ್ರಕ್ಕೆ ಹೆದರಿ. ಅಯ್ಯರ್ ಅವರ ಬೆನ್ನಿಗೇ ಓದಬೇಡಿ, ನಡುವೆ ಬೇರೆ ಏನಾದರೂ ಓದಿ. ಇಲ್ಲದಿದ್ದರೆ ಇಬ್ಬರು ಶಾಂತಲೆಯರು ತಲೆಯಲ್ಲಿ ಕಲಸಿಹೋಗಿ ಯಾರು ಯಾವ ಮಾತು ಆಡಿದ್ದೆಂದು ತಿಳಿಯದಂತಾಗುತ್ತದೆ.

ಪ್ರಶ್ನೆ: ಅಜ್ಜಿಗೆ ಮದುವೆಯಲ್ಲಿ ಉಡುಗೊರೆ ಬಂದ ಕಾದಂಬರಿ. ಹಾಳೆ ಕಂದಾಗಿದೆ, ಬೆನ್ನು ಬಿಟ್ಟಿದೆ, ಬೆಳ್ಳಿಹುಳು ತಿಂದಿದೆ, ಯಾರೋ ಸೆಲ್ಲೋಟೇಪ್ ಬೇರೆ ಹಚ್ಚಿದ್ದಾರೆ. ಲ್ಯಾಮಿನೇಷನ್ ಮಾಡಿಸಲೇ, ಬೈಂಡಿಂಗಿಗೆ ಕೊಡಲೇ? (ಚಿಕ್ಕಬಳ್ಳಾಪುರ)

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲು ಆಗದು, ಒಳಗಿನ ಕಾಗದದ ಆಮ್ಲ ಒಳಗೇ ಉಳಿದು ಕೆಡಿಸುತ್ತ ಹೋಗುತ್ತದೆ. ಹಾಳೆ ಕಂದಾಗುವುದೇ ಆ ಆಮ್ಲದಿಂದ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಅದು ಹುಟ್ಟಿನಿಂದ ಇರುತ್ತದೆ.

ಬೈಂಡಿಂಗಿಗೆ ಕೊಡುವ ಮುಂಚೆ ಒಂದು ಪರೀಕ್ಷೆ. ಅಚ್ಚಿಲ್ಲದ ಖಾಲಿ ಹಾಳೆಯ ಮೂಲೆಯ ತುದಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸಿ. ಒಂದೆರಡು ಮಡಿಕೆಗೇ ಮುರಿದರೆ ಆ ಪುಸ್ತಕ ಹೊಲಿಗೆ ತಡೆಯುವುದಿಲ್ಲ. ಹೊಲಿದ ಸಾಲಿನುದ್ದಕ್ಕೂ ಹಾಳೆಗಳು ಅಂಚೆಚೀಟಿಯ ಹಾಗೆ ಹರಿದು ಬರುತ್ತವೆ. ಅಂಥದ್ದನ್ನು ದಪ್ಪ ಕಾಗದದಲ್ಲಿ ಸುತ್ತಿ, ಅಳತೆಗೆ ಸರಿಯಾದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ, ಓದಲು ಬೇರೆ ಪ್ರತಿ ಕೊಳ್ಳಿ. ಐದಾರು ಮಡಿಕೆ ತಡೆದರೆ ಕೆಲಸ ಮಾಡಬಹುದು.

ಮೊದಲು ಹುಳು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರಡಿಸಿ, ಬಿಗಿಯಾಗಿ ಮುಚ್ಚಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ಮೈನಸ್ 18ರಿಂದ 20 ಡಿಗ್ರಿ ಬೇಕು. ಬಾಗಿಲು ತೆಗೆದು ಹಾಕುತ್ತಿರುವ ಸಣ್ಣ ಫ್ರಿಜ್ಜಿನ ಐಸ್ ಗೂಡು ಅಷ್ಟು ತಣ್ಣಗಾಗುವುದಿಲ್ಲ, ಅಲ್ಲಿಟ್ಟರೆ ಹುಳು ಸಾಯದೆ ಪುಸ್ತಕ ಮಾತ್ರ ತೇವವಾಗುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ. ಬೇವಿನ ಎಲೆ ಇಡುವವರು ಪೂರ್ತಿ ಒಣಗಿಸಿಯೇ ಇಡಿ, ಹಸಿ ಎಲೆ ಪುಸ್ತಕಕ್ಕೆ ತೇವ ಕೊಡುತ್ತದೆ. ಬೆಳ್ಳಿಹುಳು ಬರುವುದೇ ತೇವಕ್ಕೆ, ಅಂಟಿನ ಗಂಜಿಗೆ. ಬೀರು ಹೊರಗೋಡೆಗೆ ತಾಗಿದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ.

ಹರಿದ ಹಾಳೆಗೆ ಗೋಧಿ ಅಂಟು. ಮೈದಾ ಗಂಜಿ ಕಾಯಿಸಿ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿ ಇದೆ, ಹುಳು ಬರದಿರಲೆಂದು. ಆದರೆ ಮೈಲುತುತ್ತದಿಂದ ಆ ಜಾಗದ ಕಾಗದ ಇನ್ನೂ ಬೇಗ ಕಂದಾಗಿ ಒಡೆಯುತ್ತದೆ. ಹಲ್ವಕ್ಕೆ ತೆಗೆಯುವ ಹಾಗೆ ಗೋಧಿ ಹಾಲು ತೆಗೆಯಿರಿ: ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಾತ್ರಿ ಬಿಟ್ಟು ಮೇಲಿನ ತಿಳಿನೀರು ಚೆಲ್ಲಿ. ತಳದಲ್ಲಿ ನಿಂತದ್ದು ಒಂದು ಅಳತೆ, ಶುದ್ಧ ನೀರು ನಾಲ್ಕು ಅಳತೆ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ 20ರಿಂದ 30 ನಿಮಿಷ. ಬಿಳಿ ಬಣ್ಣ ಹೋಗಿ ಗಾಜಿನಂತಾದಾಗ ಇಳಿಸಿ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಗಂಟಿದ್ದರೆ ಹಾಳೆ ಉಬ್ಬುತ್ತದೆ. ಬಳಸುವಾಗ ನೀರು ಬೆರೆಸಿ ತೆಳುಮಾಡಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ತಡೆಯುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಅಂಟಿಸಲು ತೆಳು ಜಪಾನಿ ಟಿಶ್ಯೂ ಕಾಗದ ಬೇಕು, ಚದರ ಮೀಟರಿಗೆ 9ರಿಂದ 12 ಗ್ರಾಂ ತೂಕದ್ದು. ಬೆಂಗಳೂರಿನ ಚಿತ್ರಕಲಾ ಸಾಮಗ್ರಿ ಅಂಗಡಿಗಳಲ್ಲಿ ಕೇಳಿ. ಕತ್ತರಿಯಿಂದ ಕತ್ತರಿಸಬೇಡಿ. ಒದ್ದೆ ಕುಂಚದಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಹರಿಯಿರಿ. ಅಂಚಿನಲ್ಲಿ ನಾರು ಉಳಿದು ಹಾಳೆಯ ಜೊತೆ ಬೆರೆಯುತ್ತದೆ. ಕತ್ತರಿಸಿದ ನೇರ ಅಂಚಿನಲ್ಲಾದರೆ ಮುಂದೆ ಅಲ್ಲೇ ಹೊಸ ಬಿರುಕು ಬೀಳುತ್ತದೆ. ಪಟ್ಟಿ 8–10 ಮಿಲಿಮೀಟರ್ ಅಗಲ ಸಾಕು. ಅಂಟನ್ನು ಪಟ್ಟಿಗೆ ಹಚ್ಚಿ, ಹಾಳೆಗಲ್ಲ. ಕೂರಿಸಿದ ಮೇಲೆ ಮೇಲೂ ಕೆಳಗೂ ಬಟರ್ ಪೇಪರ್, ಅದರಾಚೆ ಬ್ಲಾಟಿಂಗ್ ಪೇಪರ್, ಮೇಲೆ ನಾಲ್ಕೈದು ದಪ್ಪ ಪುಸ್ತಕಗಳ ಭಾರ. ರಾತ್ರಿಯೆಲ್ಲ ಹಾಗೇ ಬಿಡಿ. ಅವಸರದಲ್ಲಿ ಬೇಗ ತೆಗೆದರೆ ಹಾಳೆ ಸುರುಟಿಕೊಳ್ಳುತ್ತದೆ, ಆಮೇಲೆ ಸರಿಹೋಗುವುದು ಕಷ್ಟ.

ಸೆಲ್ಲೋಟೇಪ್ ಹೊಸದಾಗಿದ್ದರೆ ಹೇರ್ ಡ್ರೈಯರಿನ ಕಡಿಮೆ ಬಿಸಿ ತೋರಿಸಿ, ಓರೆಯಾಗಿ ನಿಧಾನ ಬಿಡಿಸಬಹುದು. ಹಳೆಯದಾಗಿ ಪ್ಲಾಸ್ಟಿಕ್ ತಾನೇ ಉದುರಿ ಕಂದು ಕಲೆ ಉಳಿದಿದ್ದರೆ ಮುಟ್ಟಬೇಡಿ, ಕಲೆ ತೆಗೆಯಲು ಹೋದವರು ಅಕ್ಷರವನ್ನೂ ತೆಗೆದಿದ್ದಾರೆ.

ಬೈಂಡರಿಗೆ ಕೊಡುವಾಗ ಎರಡು ಮಾತು ಬರೆದುಕೊಡಿ, ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಒಂದು, ಅಂಚು ಕಟ್ ಮಾಡಬಾರದು. ಮಿಷನ್ನಿಗೆ ಕೊಟ್ಟರೆ ಅಂಚಿನ ಬರಹ, ಕೆಲವೊಮ್ಮೆ ಅಚ್ಚಿನ ಸಾಲಿನ ಕೊನೆಯಕ್ಷರ ಕೂಡ ಹೋಗುತ್ತದೆ. ಎರಡು, ಪಕ್ಕಹೊಲಿಗೆ ಬೇಡ, ಫಾರಂ ಫಾರಂ ಆಗಿ ನಡುಮಡಿಕೆಯಲ್ಲಿ ಹೊಲಿಯಬೇಕು. ಪಕ್ಕಹೊಲಿಗೆ ಹಾಕಿದ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಒತ್ತಿ ತೆರೆದರೆ ಹಾಳೆ ಮುರಿಯುತ್ತದೆ. ಉಡುಗೊರೆಯ ಒಕ್ಕಣೆ ಬರೆದ ಮೊದಲ ಹಾಳೆಯನ್ನು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಬೈಂಡಿಂಗಿನಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಅದೇ.

ಪ್ರಶ್ನೆ: ಅತ್ತೆಗೆ ಕಣ್ಣು ಮಂಜು, ನಾನೇ ಓದಿ ಹೇಳುತ್ತೇನೆ. ಮಾಸ್ತಿಯವರು ನಮ್ಮ ತಾಲ್ಲೂಕಿನವರೆಂದು ‘ಚಿಕವೀರ ರಾಜೇಂದ್ರ’ ಶುರು ಮಾಡಿದೆ. “ಯಾವ ವೀರರಾಜ ಕಣಮ್ಮ ಇವನು?” ಎಂದು ಅತ್ತೆ ದಿನಾ ಕೇಳುತ್ತಾರೆ. ನನಗೂ ಗೊಂದಲ. (ಮಾಲೂರು)

ಉತ್ತರ: ನಿಮ್ಮ ಅತ್ತೆಯವರದ್ದು ನ್ಯಾಯವಾದ ಪ್ರಶ್ನೆ. ಒಂದು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಮೂರು ಸಾಲು ಬರೆದು ಪುಸ್ತಕದಲ್ಲಿಡಿ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ, 1809ರಲ್ಲಿ ತೀರಿಕೊಂಡವನು. ಅವನ ತಮ್ಮ ಲಿಂಗರಾಜ, 1811ರಿಂದ 1820. ಲಿಂಗರಾಜನ ಮಗ ಚಿಕವೀರ, 1820ರಿಂದ 1834, ಕತೆ ಇವನದು. ಆಮೇಲೆ ಮಂತ್ರಿಗಳು: ಬೋಪಣ್ಣ, ಲಕ್ಷ್ಮೀನಾರಾಯಣಯ್ಯ. ರಾಜನ ಬಂಟ ಕುಂಟ ಬಸವ. ರಾಜನ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವಯ್ಯ. ರಾಣಿ ಗೌರಮ್ಮ. ಇಷ್ಟು ಹೆಸರು ಗಟ್ಟಿಯಾದರೆ ಉಳಿದವರು ತಾವಾಗಿ ಕೂರುತ್ತಾರೆ.

ಒಂದು ಎಚ್ಚರಿಕೆ. ಲಂಡನ್ನಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ 1852ರಲ್ಲಿ ಕ್ರೈಸ್ತಳಾದ ಗೌರಮ್ಮ ಈ ರಾಜನ ಮಗಳು. ಕಾದಂಬರಿಯಲ್ಲಿ ನೀವು ದಿನವೂ ಕಾಣುವ ಗೌರಮ್ಮ ರಾಣಿ. ಎಷ್ಟೋ ಜನ ಇಬ್ಬರನ್ನೂ ಒಂದೇ ಮಾಡಿಕೊಂಡು ಲೇಖನವನ್ನೇ ಬರೆದುಬಿಡುತ್ತಾರೆ. ಪದಚ್ಯುತನಾದ ರಾಜ ಕಾಶಿಯಲ್ಲಿದ್ದು, ಮಗಳೊಡನೆ ಇಂಗ್ಲೆಂಡಿಗೆ ಹೋಗಿ, 1859ರಲ್ಲಿ ಅಲ್ಲೇ ತೀರಿಕೊಂಡ.

ಗಟ್ಟಿಯಾಗಿ ಓದುವುದಕ್ಕೆ ಮಾಸ್ತಿಯವರ ಗದ್ಯದಷ್ಟು ಒದಗುವುದು ಕಡಿಮೆ. ವಾಕ್ಯಗಳು ಚಿಕ್ಕವು, ಮಾತುಕತೆ ಹೆಚ್ಚು. ಒಂದು ಪುಟಕ್ಕೆ ಎರಡೂವರೆಯಿಂದ ಮೂರು ನಿಮಿಷ ಹಿಡಿದರೆ ಅರ್ಧ ಗಂಟೆಗೆ ಹತ್ತು ಹನ್ನೆರಡು ಪುಟ, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚು ಬೇಡ. ಸಂಭಾಷಣೆಗೆ ದನಿ ಬದಲಿಸಿ ನಾಟಕ ಮಾಡಬೇಡಿ, ಎರಡನೇ ದಿನಕ್ಕೆ ನಿಮಗೇ ಸುಸ್ತಾಗುತ್ತದೆ. ಯಾರು ಮಾತಾಡಿದರೆಂಬುದನ್ನು ಮಾತ್ರ ಮಾತಿಗೆ ಮುಂಚೆ ಹೇಳಿಬಿಡಿ. ಅಧ್ಯಾಯದ ಕೊನೆಯಲ್ಲಿ ನಿಲ್ಲಿಸುವುದಕ್ಕಿಂತ ಒಂದು ಪುಟ ಮೊದಲು ನಿಲ್ಲಿಸಿ. ಮಾರನೆಯ ದಿನ ಎಲ್ಲಿಗೆ ಬಂದಿದ್ದೆವೆಂದು ಅತ್ತೆಯವರೇ ಹೇಳುತ್ತಾರೆ. ಊಟವಾದ ಕೂಡಲೇ ಓದಿದರೆ ನಿದ್ದೆ ಗ್ಯಾರಂಟಿ.

ಅಂದಹಾಗೆ ಮಾಸ್ತಿ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. 1956ರ ಈ ಕಾದಂಬರಿಗೆ ಜ್ಞಾನಪೀಠ ಬಂದದ್ದು 1983ರ ಸಾಲಿನಲ್ಲಿ.

ಪ್ರಶ್ನೆ: ‘ದುರ್ಗಾಸ್ತಮಾನ’ ಓದಿದರೆ ಹೈದರಾಲಿ ಮೇಲೆ ಸಿಟ್ಟು ಬರುತ್ತೆ. ನಮ್ಮೂರಲ್ಲಿ ಅವನಪ್ಪನ ಗೋರಿ ಇದೆ. ಇವೆರಡನ್ನೂ ಹೇಗೆ ಹೊಂದಿಸಿಕೊಳ್ಳೋದು? (ಕೋಲಾರ)

ಉತ್ತರ: ಹೊಂದಿಸಬೇಕಾಗಿಲ್ಲ. ತ.ರಾ.ಸು. ಅವರು 1779ರ ಚಿತ್ರದುರ್ಗದ ಪತನವನ್ನು ಕೋಟೆಯ ಒಳಗೆ ನಿಂತು ನೋಡುತ್ತಾರೆ, ಒಳಗಿದ್ದವರಿಗೆ ಮುತ್ತಿಗೆ ಹಾಕಿದವನು ಹೇಗೆ ಕಾಣಬೇಕೋ ಹಾಗೆ ಹೈದರ್ ಕಾಣುತ್ತಾನೆ. ಬೂದಿಕೋಟೆಯಲ್ಲಿ ಹುಟ್ಟಿ, ಸಾಮಾನ್ಯ ಸಿಪಾಯಿ ಮನೆತನದಿಂದ ಮೇಲೆ ಬಂದವನ ಕತೆ ಬೇರೆಯೇ ಕಾದಂಬರಿಯ ವಸ್ತು. ದುರ್ಗದ ಪಡೆಯೂ ಬರೀ ಮುತ್ತಿಗೆ ತಿಂದ ಪಡೆಯಲ್ಲ. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ನಿಜಗಲ್ ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತಾಗ, ಕೊನೆಗೆ ಹತ್ತಿ ಗೆದ್ದುಕೊಟ್ಟದ್ದು ದುರ್ಗದ ಬೇಡರ ಪಡೆ. ಆಗ ಕೋಟೆಯೊಳಗಿದ್ದದ್ದು ಹೈದರನ ಕಡೆಯವರು. ಆ ಕೋಟೆ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆ ದಾಟಿದರೆ ಕಣ್ಣಿಗೆ ಬೀಳುತ್ತದೆ. ಸಿಟ್ಟು ಬಂದದ್ದು ಕಾದಂಬರಿ ಗೆದ್ದದ್ದರ ಗುರುತು. ಅದನ್ನು ಮಕಬರಾದವರೆಗೆ ಹೊತ್ತುಕೊಂಡು ಹೋಗಬೇಡಿ, ಅಷ್ಟೆ.

ಪ್ರಶ್ನೆ: ಕೈದಾಳದ ಜಕಣಾಚಾರಿ ಶಾಂತಲೆಯ ಕಾಲದಲ್ಲಿ ಬೇಲೂರಿನಲ್ಲಿ ಕೆಲಸ ಮಾಡಿದ್ದು ಹೌದೇ? (ಗೂಳೂರು)

ಉತ್ತರ: ಬೇಲೂರಿನ ಶಿಲ್ಪಗಳ ಮೇಲೆ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಜಕಣಾಚಾರಿಯ ಹೆಸರು ಐತಿಹ್ಯದಲ್ಲಿದೆ. ಕೈದಾಳದ ಚೆನ್ನಕೇಶವ ದೇವಾಲಯ 1150ರ ಆಸುಪಾಸಿನದು, ಶಾಂತಲೆ ತೀರಿಕೊಂಡು ಸುಮಾರು ಇಪ್ಪತ್ತು ವರ್ಷಕ್ಕೆ, ಬಾಚಿ ಎಂಬ ಸಾಮಂತ ಕಟ್ಟಿಸಿದ್ದು. ನಿಮ್ಮೂರಿಗೆ ಪಕ್ಕದಲ್ಲೇ ಇದೆ, ಮೂಲ ಶಾಸನದ ಪಾಠ ಬೇಕಿದ್ದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಮುದ್ರಣದ 12ನೇ ಸಂಪುಟದಲ್ಲಿ ನೋಡಿ. ಕೋಲಾರದ್ದು 10ನೆಯದು. ಚಿಕ್ಕಬಳ್ಳಾಪುರದ ತಾಲ್ಲೂಕುಗಳೂ ಅದರಲ್ಲೇ ಇವೆ, ಜಿಲ್ಲೆ ಬೇರೆಯಾದದ್ದು 2007ರಲ್ಲಿ.

ಪ್ರಶ್ನೆ: ನಮ್ಮ ವಾಚಕರ ಬಳಗದಲ್ಲಿ ‘ನನ್ನ ಮೆಚ್ಚಿನ ಐತಿಹಾಸಿಕ ಕಾದಂಬರಿ’ ಎಂದು ಐದು ನಿಮಿಷ ಮಾತಾಡಬೇಕು. ಎಲ್ಲರೂ ಕತೆ ಒಪ್ಪಿಸುತ್ತಾರೆ. ನಾನು ಬರೆದದ್ದೂ ಹಾಗೇ ಆಗಿದೆ. (ಗೌರಿಬಿದನೂರು)

ಉತ್ತರ: ಐದು ನಿಮಿಷಕ್ಕೆ ಸುಮಾರು 500 ಪದ. ಕತೆಗೆ ಅದರಲ್ಲಿ 80ಕ್ಕಿಂತ ಹೆಚ್ಚು ಕೊಡಬೇಡಿ. ಇಡೀ ಪುಸ್ತಕ ಬಿಡಿ, ಒಂದು ಪುಟ ಆರಿಸಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ದೃಶ್ಯ ಬೇಡ. ದುರ್ಗದ್ದಾದರೆ ಓಬವ್ವನ ಕಿಂಡಿ ಬೇಡ, ಶಾಂತಲೆಯದಾದರೆ ಬೆಟ್ಟದ ತುದಿ ಬೇಡ, ಅವನ್ನು ನಿಮಗಿಂತ ಮೊದಲು ಮಾತಾಡುವವರು ಹೇಳಿಬಿಟ್ಟಿರುತ್ತಾರೆ. ಆ ಪುಟದ ನಾಲ್ಕು ಸಾಲನ್ನು ಕೈಯಾರೆ ನಕಲು ಮಾಡಿ. ನಕಲು ಮಾಡುವಾಗ ಯಾವ ಪದದ ಹತ್ತಿರ ಕೈ ನಿಂತಿತೋ ಅಲ್ಲಿಂದ ಬರೆಯಲು ಶುರುಮಾಡಿ.

ಆಮೇಲೆ ಮೂರು ವಿಷಯ, ಯಾವ ಕ್ರಮದಲ್ಲಾದರೂ ಬರಲಿ: ಮೊದಲ ಓದಿನಲ್ಲಿ ಯಾರ ಪಕ್ಷ ವಹಿಸಿದ್ದಿರಿ, ಈಗ ಯಾರ ಪಕ್ಷ. ಪುಸ್ತಕದಲ್ಲಿ ನಿಮಗೆ ಒಪ್ಪದೇ ಇರುವುದು ಒಂದು. ಆ ಪುಸ್ತಕದಿಂದ ನೀವು ನೋಡಲು ಹೋದ ಜಾಗ ಅಥವಾ ಹುಡುಕಿದ ಶಾಸನ. ಒಪ್ಪದ್ದನ್ನು ಬಿಟ್ಟರೆ ಭಾಷಣ ಹೊಗಳುಭಟ್ಟಂಗಿಯಾಗುತ್ತದೆ. ‘ಅದ್ಭುತ’, ‘ಮೇರುಕೃತಿ’, ‘ಕಣ್ಣಿಗೆ ಕಟ್ಟುವಂತೆ’ ಎಂಬ ಮಾತುಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ಏನು ಕಟ್ಟಿತು ಎಂದು ಬರೆಯಿರಿ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದಾಗ ಐದು ನಿಮಿಷವಾದದ್ದು ವೇದಿಕೆಯಲ್ಲಿ ಏಳಾಗುತ್ತದೆ.

ಪ್ರಶ್ನೆ: ಶಿವಗಂಗೆ, ಬೆಳಗೊಳ ಎರಡನ್ನೂ ಒಂದೇ ದಿನ ನೋಡಬಹುದೇ? (ಮಧುಗಿರಿ)

ಉತ್ತರ: ಗಾಡಿ ಸ್ವಂತದ್ದಾದರೆ ಆಗುತ್ತದೆ, ಕಾಲು ಹೇಳಿದ ಮಾತು ಕೇಳಿದರೆ ಬೇಡ. ಎರಡೂ ಕಡೆ ಮೆಟ್ಟಿಲು, ಎರಡೂ ಬಂಡೆ, ಹತ್ತು ಗಂಟೆಯ ಮೇಲೆ ಬಿಸಿಲಿಗೆ ಕಾಯುತ್ತವೆ. ಬೆಳಗೊಳದಲ್ಲಿ ಬರಿಗಾಲು, ದಪ್ಪ ಕಾಲುಚೀಲ ಒಯ್ಯಿರಿ. ಶಿವಗಂಗೆಗೆ ಬೆಳಗ್ಗೆ ಆರೂವರೆಗೆ ಹತ್ತಲು ಶುರುಮಾಡಿ, ಹತ್ತಿ ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ. ಕೈಯಲ್ಲಿ ತಿಂಡಿ ಪೊಟ್ಟಣ ಕಂಡರೆ ಕೋತಿಗಳು ಬಿಡವು. ಮಳೆ ಬಿದ್ದ ಮಾರನೇ ದಿನ ತುದಿಯ ಬಂಡೆಗೆ ಹೋಗಬೇಡಿ, ಕಂಬಿ ಹಿಡಿದರೂ ಕಾಲು ಜಾರುತ್ತದೆ. ಇನ್ನೊಂದು ದಿನ ಕುಣಿಗಲ್, ಯಡಿಯೂರು ದಾರಿಯಲ್ಲಿ ಬೆಳಗೊಳ. ಹೆಚ್ಚಿನವರು ಗೊಮ್ಮಟನಿರುವ ದೊಡ್ಡಬೆಟ್ಟ ಇಳಿದು ಹಾಗೇ ಊಟಕ್ಕೆ ಹೋಗುತ್ತಾರೆ. ಶಾಂತಲೆಯ ಬಸದಿ ಇರುವುದು ಎದುರಿನ ಚಿಕ್ಕಬೆಟ್ಟದಲ್ಲಿ, ಅದನ್ನೇ ಮೊದಲು ಹತ್ತಿ. ಕಲ್ಲಿನ ಅಕ್ಷರ ಓದುವುದಿದ್ದರೆ ಬೆಳಗಿನ ಓರೆ ಬೆಳಕು ಬೇಕು, ನಡುಮಧ್ಯಾಹ್ನ ಅಕ್ಷರದ ಹಳ್ಳಕ್ಕೆ ನೆರಳಿಲ್ಲದೆ ಎಲ್ಲ ಸಪಾಟಾಗಿ ಕಾಣುತ್ತದೆ. ಸುಣ್ಣ, ಪೌಡರ್ ಬಳಿದು ಓದುವುದು ತಪ್ಪು, ಕಲ್ಲಿಗೆ ಕೇಡು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕಾಗುತ್ತದೆ.

ಪ್ರಶ್ನೆ: ಹಳೆಯ ಕಾದಂಬರಿಗಳನ್ನು ಸ್ಕ್ಯಾನ್ ಮಾಡಿ ಬಳಗದ ಗುಂಪಿಗೆ ಕಳಿಸಬಹುದೇ? ಹೇಗೂ ಲೇಖಕರು ಇಲ್ಲವಲ್ಲ. (ಪಾವಗಡ)

ಉತ್ತರ: ಆಗದು. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಇರುತ್ತದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಅಂದರೆ 2044ರ ಕೊನೆಯವರೆಗೆ. ಮಾಸ್ತಿಯವರದ್ದು 2046ರ ಕೊನೆಯವರೆಗೆ. ನಿಮ್ಮ ಪ್ರತಿ ಪುಡಿಯಾಗುತ್ತಿದ್ದರೆ ನಿಮ್ಮ ಓದಿಗೆಂದು ಫೋಟೋ ತೆಗೆದಿಟ್ಟುಕೊಳ್ಳಿ, ಗುಂಪಿಗೆ ಹಾಕಬೇಡಿ. ಬಳಗಕ್ಕೆ ಒಂದೇ ಪುಸ್ತಕದ ನಾಲ್ಕು ಪ್ರತಿ ಬೇಕಿದ್ದರೆ ಮರುಮುದ್ರಣಗಳು ಸಿಗುತ್ತವೆ. ಎಲ್ಲರೂ ಒಂದೇ ಮುದ್ರಣದ್ದನ್ನೇ ಕೊಳ್ಳಿ. ಮುದ್ರಣ ಬೇರೆಯಾದರೆ ಪುಟಸಂಖ್ಯೆ ಬೇರೆಯಾಗಿ, ಚರ್ಚೆಯ ಅರ್ಧ ಹೊತ್ತು ‘ಯಾವ ಪುಟ, ಯಾವ ಪುಟ’ ಎನ್ನುವುದರಲ್ಲೇ ಹೋಗುತ್ತದೆ.